ಗಂಡಿನ ಕಡೆಯ ಕಾರು

ದೊಡ್ಡರಂಗಯ್ಯನವರಿಗೆ ಕಾರು ಓಡಿಸಲು ಬರುತ್ತಿರಲಿಲ್ಲ. ಕಾರಿನ ಮಾನ ಕಾಪಾಡಲು ಮಾತ್ರ ಚೆನ್ನಾಗಿ ಬರುತ್ತಿತ್ತು. ಲಕ್ಷ್ಮೀಕಾಂತನ ಆ ಭಾನುವಾರದ ಫಜೀತಿಗೆಲ್ಲ ಮೂಲ ಇದೇ.

ಹಿಂದಿನ ತಿಂಗಳು ದೊಡ್ಡರಂಗಯ್ಯನವರು ತುಮಕೂರಿನ ಆಸ್ಪತ್ರೆಯಲ್ಲಿದ್ದ ಬೀಗರನ್ನು ನೋಡಲು ಹೋಗಿದ್ದರು. ಹೊಸ ಕಾರನ್ನು ರಸ್ತೆ ಬದಿಯಲ್ಲಿ ನಿಲ್ಲಿಸಿ ಎಳನೀರು ಕುಡಿಯುತ್ತಿದ್ದಾಗ ಟೋಯಿಂಗ್ ಗಾಡಿ ಬಂದು ಅದನ್ನು ಎತ್ತಿಕೊಂಡು ಹೊರಟಿತು. ಪಂಚೆ ಎತ್ತಿ ಕಟ್ಟಿಕೊಂಡು, "ನನ್ ಕಾರು ಕಣ್ರಪ್ಪೋ, ನಿಲ್ಸ್ರಪ್ಪೋ" ಎಂದು ಅವರು ಹಿಂದೆ ಓಡಿದ್ದನ್ನು ಅವರೂರಾದ ಕೊತ್ತಗೆರೆಯ ಯಾವನೋ ಪುಣ್ಯಾತ್ಮ ಮೊಬೈಲಿನಲ್ಲಿ ಹಿಡಿದು ಸ್ಟೇಟಸ್ಸಿಗೆ ಹಾಕಿಬಿಟ್ಟ. ಊರಿಗೆ ಊರೇ ನೋಡಿತು. ಕೊಬ್ಬರಿ ಮಾರಿ ಕಾರು ತಂದಾಗ ಬಾರದ ಹೆಸರು ಅದರ ಹಿಂದೆ ಓಡಿದಾಗ ಬಂತು. ಅಂದಿನಿಂದ ಫೈನ್ ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ಅವರ ಮೂಗು ಕೆಂಪಾಗುತ್ತಿತ್ತು.

ಲಕ್ಷ್ಮೀಕಾಂತ ಅವರ ತಂಗಿ ಚಿಕ್ಕಗಂಗಮ್ಮನ ಮಗ. ಕೊತ್ತಗೆರೆಯ ಹಾಲಿನ ಡೇರಿಯಲ್ಲಿ ಸೆಕ್ರೆಟರಿ. ತೆಂಗಿನ ತೋಟ, ರಾಗಿ ಹೊಲ, ಸಂಬಳ, ಒಳ್ಳೆಯ ಗುಣ ಎಲ್ಲ ಇದ್ದೂ ನೆತ್ತಿಯಲ್ಲಿ ಬಯಲು ಕಾಣಿಸಿಕೊಳ್ಳುವ ಹೊತ್ತಾದರೂ ಹೆಣ್ಣು ಸಿಕ್ಕಿರಲಿಲ್ಲ. ಹಳ್ಳಿ ಎಂದು ಕೆಲವರು ಬೇಡವೆಂದರು, ಸಗಣಿ ಎಂದು ಕೆಲವರು ಬೇಡವೆಂದರು, ಇನ್ನು ಕೆಲವರು ಕಾರಣ ಹೇಳುವ ತೊಂದರೆಯನ್ನೂ ತೆಗೆದುಕೊಳ್ಳಲಿಲ್ಲ. ಈಗ ತುಮಕೂರಿನ ಮರಳೂರಿನಲ್ಲಿರುವ ಗಂಗಾಧರ್ ಎಂಬವರ ಮಗಳು ಕಾವ್ಯ, ಆಸ್ಪತ್ರೆಯೊಂದರಲ್ಲಿ ಲ್ಯಾಬ್ ಕೆಲಸದವಳು, ಇವನ ಫೋಟೋ ನೋಡಿ "ಬಂದು ಹೋಗಲಿ" ಎಂದಿದ್ದಳು. ಅವಳ ಫೋಟೋ ನೋಡಿದಂದಿನಿಂದ ಲಕ್ಷ್ಮೀಕಾಂತನಿಗೆ ಲ್ಯಾಕ್ಟೋಮೀಟರಿನಲ್ಲಿ ಹಾಲಿನ ಡಿಗ್ರಿ ಸರಿಯಾಗಿ ಕಾಣುತ್ತಿರಲಿಲ್ಲ. ಇದೊಂದು ಕೂಡಿಬಂದರೆ ಸಾಕು ದೇವರೇ ಎಂದು ಅವನು ದಿನಕ್ಕೆರಡು ಬಾರಿ, ಬೆಳಗಿನ ಹಾಲಿಗೊಮ್ಮೆ ಸಂಜೆಯ ಹಾಲಿಗೊಮ್ಮೆ, ಕೇಳಿಕೊಳ್ಳುತ್ತಿದ್ದ.

ಅಪ್ಪ ಇಲ್ಲದ ಮನೆಗೆ ಸೋದರಮಾವನೇ ಹಿರಿಯ. ಮಾತು ಆಡಬೇಕಾದವರೂ ಅವರೇ, ಕಾರು ಕೊಡಬೇಕಾದವರೂ ಅವರೇ. ಕೀಲಿ ಕೈಗಿಡುವಾಗ ದೊಡ್ಡರಂಗಯ್ಯನವರು ಬೆರಳೆತ್ತಿ ಹೇಳಿದರು:

"ನೋಡ್ಲಾ ಲಕ್ಷ್ಮೀಕಾಂತ, ಫೈನ್ ಬಿತ್ತು ಅಂದ್ರೆ ನನ್ ಮೊಬೈಲ್‌ಗೇ ಮೆಸೇಜ್ ಬತ್ತದೆ. ಬಂತೋ, ಉಪ್ಪಿಟ್ಟು ಅರ್ಧ ತಿಂದಿದ್ರೂ ಎದ್ದು ಬತ್ತೀನಿ. ಆಮೇಲೆ ನಿನ್ ಮದ್ವೆ ಮಾತು ನೀನೇ ಆಡ್ಕೋ."

"ಬೀಳಲ್ಲ ಬುಡು ಮಾವ," ಎಂದ ಲಕ್ಷ್ಮೀಕಾಂತ. ಹೇಳುವುದೇನು, ಸುಲಭ.

ಮಾವ ಮುಂದೆ, ಅಮ್ಮ ಮತ್ತು ಮದುವೆಯಾದ ತಂಗಿ ಪ್ರಮೀಳಾ ಹಿಂದೆ. ಒಟ್ಟು ನಾಲ್ಕು ಜನ. ನಾಲ್ಕೂವರೆಗೆ ರಾಹುಕಾಲ ಶುರು, ಅಷ್ಟರೊಳಗೆ ಹುಡುಗ ಹುಡುಗಿ ಮುಖ ನೋಡಿಕೊಂಡುಬಿಡಬೇಕು ಎಂದು ಚಿಕ್ಕಗಂಗಮ್ಮ ಕುಣಿಗಲ್ ದಾಟುವ ಮೊದಲೇ ಐದಾರು ಸಲ ಹೇಳಿದ್ದರು. ಊಟದ ಹೊತ್ತು ಕಳೆಯುವಷ್ಟರಲ್ಲಿ ಅವರು ಮರಳೂರು ಮುಟ್ಟಿದರು.

ಮುಟ್ಟಿದರೇನು, ಹಿಂದಿನ ಬೀದಿಯ ಕಲ್ಯಾಣ ಮಂಟಪದಲ್ಲಿ ಮದುವೆ. ಕಾವ್ಯಳ ಮನೆಯ ಬೀದಿಯ ಬಾಯಲ್ಲೇ ಕಾರುಗಳು ಎಮ್ಮೆಗಳ ಹಾಗೆ ಒಂದಕ್ಕೊಂದು ಒತ್ತಿಕೊಂಡು ನಿಂತಿದ್ದವು. ಎಡಬದಿಯಲ್ಲಿ ಒಂದು ಸಂದು ಕಂಡಿತು. ಲಕ್ಷ್ಮೀಕಾಂತ ಖುಷಿಯಿಂದ ಅಲ್ಲಿ ಕಾರು ತೂರಿಸಿ ಇಂಜಿನ್ ಆರಿಸುವಷ್ಟರಲ್ಲಿ ಕಿಟಕಿಯ ಬಳಿ ವಿಭೂತಿ ಹಚ್ಚಿದ ಹಣೆಯೊಂದು ಬಗ್ಗಿತು. ಬನಿಯನ್ನು, ಹೆಗಲ ಮೇಲೆ ಟವೆಲ್ಲು. ಆ ಬೀದಿಯ ಮಹಾದೇವಯ್ಯನವರು. ರಿಟೈರ್ ಆದ ಮೇಲೆ ಅವರಿಗೆ ಕೆಲಸ ಜಾಸ್ತಿಯಾಗಿತ್ತು.

"ಯಾವೂರಾಯ್ತು? ಇವತ್ತು ತಾರೀಖೆಷ್ಟು?"

"ಹದಿನಾರು ಸಾರ್."

"ಬೋರ್ಡ್ ನೋಡಿ ಮತ್ತೆ. ಬೆಸ ತಾರೀಖಿಗೆ ಈ ಕಡೆ, ಸಮ ತಾರೀಖಿಗೆ ಆ ಕಡೆ. ಇಲ್ಲಿ ಬಿಟ್ರೆ ಎತ್ಕೊಂಡ್ ಹೋಯ್ತಾರೆ."

ದೊಡ್ಡರಂಗಯ್ಯನವರು "ತಿರುಗ್ಸ್ಲಾ, ತಿರುಗ್ಸು!" ಎಂದು ಕೂಗಿದರು. ಲಕ್ಷ್ಮೀಕಾಂತ ಆ ಕಡೆ ಹೋದ. ಅಲ್ಲಿದ್ದ ಸಂದು ಒಂದು ಗೇಟಿನ ಮುಂದೆ. ಒಳಗಿನಿಂದ ಶಿವರುದ್ರಮ್ಮ ಎಂಬ ಹೆಂಗಸು ಕೈ ಒರೆಸಿಕೊಳ್ಳುತ್ತ ಬಂದಳು.

"ಗೇಟ್ ಮುಂದೆ ಬ್ಯಾಡ ಕಣಪ್ಪಾ. ನಮ್ ಯಜಮಾನ್ರು ಸ್ಕೂಟ್ರು ಆಚೆ ತೆಗೀತಾರೆ."

"ಎಷ್ಟೊತ್ತಿಗೆ ತೆಗೀತಾರಮ್ಮ?"

"ಬುಧವಾರ."

ಇನ್ನೂ ಸ್ವಲ್ಪ ಮುಂದೆ ಒಂದು ಕಾರು ಹಿಡಿಯುವಷ್ಟು ಜಾಗ ನಿಜವಾಗಿಯೂ ಖಾಲಿ ಇತ್ತು. ಆದರೆ ಅದರ ನಡುವೆ ಅರಿಶಿನ ಕುಂಕುಮ ಹಚ್ಚಿದ ಒಂದು ಗುಂಡುಕಲ್ಲು, ಕಲ್ಲಿನ ಮೇಲೊಂದು ದಾಸವಾಳದ ಹೂವು. ದೊಡ್ಡರಂಗಯ್ಯನವರು ಕೂತಲ್ಲೇ ಕೈ ಮುಗಿದರು.

"ಯಾವ ದೇವ್ರು ಸ್ವಾಮಿ ಇದು?"

"ಪಾರ್ಕಿಂಗ್ ದೇವ್ರು," ಎಂದರು ಹಿಂದೆಯೇ ನಡೆದುಬಂದಿದ್ದ ಮಹಾದೇವಯ್ಯ. "ಮೊದ್ಲು ಬರೀ ಕಲ್ಲಿತ್ತು, ಜನ ಎತ್ತಿ ಪಕ್ಕಕ್ಕೆ ಇಡೋರು. ಆ ಮನೆ ತಿಪ್ಪಮ್ಮ ಕುಂಕುಮ ಹಚ್ಚಿದ್ಲು ನೋಡಿ, ಇವಾಗ ಒಬ್ರೂ ಮುಟ್ಟಲ್ಲ."

ಯಾರಿಗೂ ಮುಟ್ಟುವ ಧೈರ್ಯ ಬರಲಿಲ್ಲ. ಒಳ್ಳೆಯ ಕೆಲಸಕ್ಕೆ ಹೊರಟವರು ಕಲ್ಲಿಗೆ ಕೈಹಾಕುವುದು ಬೇಡವೆಂದು ಚಿಕ್ಕಗಂಗಮ್ಮನೂ ಹೇಳಿದರು. ಹೊತ್ತು ಹೋಗುತ್ತಿತ್ತು. ಕೊನೆಗೆ ಮಾವ ತೀರ್ಪು ಕೊಟ್ಟರು: ಮೂವರೂ ಇಳಿದು ಹುಡುಗಿ ಮನೆಗೆ ನಡೆದುಹೋಗುವುದು, ಲಕ್ಷ್ಮೀಕಾಂತ ಎಲ್ಲಾದರೂ ನಿಲ್ಲಿಸಿ ಓಡಿಬರುವುದು.

ಮೂವರೂ ಇಳಿದರು. ಇಳಿದ ಮೇಲೆ ಚಿಕ್ಕಗಂಗಮ್ಮ ಹಣೆ ಚಚ್ಚಿಕೊಂಡರು.

"ಅಯ್ಯೋ ಅಣ್ಣಾ, ಮೂರ್ ಜನ ಆಗೋದ್ವಲ್ಲ! ಹೆಣ್ಣು ಕೇಳಕ್ಕೆ ಮೂರ್ ಜನ ಹೋಗ್ತಾರಾ?"

"ಅದಕ್ಯಾಕೆ ಯೋಚ್ನೆ?" ಎಂದರು ಮಹಾದೇವಯ್ಯ. ಅವರು ಮನೆಯೊಳಗೆ ಹೋಗಿ ಬಿಳಿ ಶರ್ಟು ತೊಟ್ಟು, ಶಲ್ಯ ಹೊದ್ದು ಬಂದದ್ದು ಕಣ್ಣು ಮಿಟುಕಿಸುವುದರೊಳಗೆ. "ನಾಲ್ಕನೇವ್ನು ನಾನು. ಗಂಗಾಧರನ ಮನೇಲಿ ಹೆಣ್ಣಿನ ಕಡೆಯವನಾಗಿ ಬೇಜಾನ್ ಸಲ ಕೂತಿದೀನಿ. ಗಂಡಿನ ಕಡೆಯವನಾಗಿ ಒಂದ್ಸಲ ಕೂರಣ, ನಡೀರಿ."

ಹೀಗೆ ಹುಡುಗನಿಲ್ಲದ ಗಂಡಿನ ಕಡೆ, ನೆರೆಯವನನ್ನು ಸೇರಿಸಿಕೊಂಡು, ಬೀದಿಯೊಳಗೆ ನಡೆಯಿತು.

ಲಕ್ಷ್ಮೀಕಾಂತ ಮೊದಲು ಕಲ್ಯಾಣ ಮಂಟಪಕ್ಕೇ ಹೋದ. ಅದರ ಮೈದಾನದಲ್ಲಿ ಜಾಗವಿತ್ತು. ವಾಚ್‌ಮನ್ ಅಡ್ಡ ನಿಂತ.

"ಯಾರ ಕಡೆ?"

"ಗಂಡಿನ ಕಡೆ," ಎಂದ ಲಕ್ಷ್ಮೀಕಾಂತ. ಸುಳ್ಳೇನೂ ಅಲ್ಲವಲ್ಲ.

"ಗಂಡಿಗೆ ನೀವೇನಾಗ್ಬೇಕು?"

ಸುಳ್ಳು ಹೇಳಿ ಅಭ್ಯಾಸವಿಲ್ಲದವನ ಬಾಯಿಂದ ನಿಜವೇ ಬಿತ್ತು. "ನಾನೇ ಗಂಡು."

ವಾಚ್‌ಮನ್ ಅವನ ಇಸ್ತ್ರಿ ಶರ್ಟು, ಮುಖದ ಪೌಡರು, ಹಣೆಯ ಕುಂಕುಮ ನೋಡಿದ. ಅನುಮಾನ ಪಡುವಂಥದ್ದೇನೂ ಇರಲಿಲ್ಲ. "ಹಂಗಾದ್ರೆ ಒಳಗಡೆ ಹಾರ ಹಾಕ್ಕೊಂಡು ಊಟಕ್ಕೆ ಕೂತಿರೋನು ಯಾರು?" ಎಂದು ಕೇಳಿದ, ಸ್ವಲ್ಪ ಜೋರಾಗಿಯೇ. ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದ ನಾಲ್ಕಾರು ಜನ ತಿರುಗಿ ನೋಡಿದರು. ಅಜ್ಜಿಯೊಬ್ಬಳು ಹತ್ತಿರ ಬಂದು, "ಯಾರಪ್ಪಾ ನೀನು? ನಮ್ ಹುಡುಗಿದು ಹಳೇ ವಿಚಾರ ಏನಾರ ಇದ್ಯಾ?" ಎಂದಳು. ಲಕ್ಷ್ಮೀಕಾಂತ ರಿವರ್ಸ್ ಗೇರು ಹಾಕಿದ ರಭಸಕ್ಕೆ ಮಂಟಪದ ಮುಂದಿನ ಬಾಳೆಕಂಬ ಅಲುಗಾಡಿತು.

ಜೇಬಿನಲ್ಲಿ ಫೋನು ಹೊಡೆದುಕೊಳ್ಳತೊಡಗಿತು. ಓಡಿಸುತ್ತ ಫೋನೆತ್ತಿದರೆ ಫೈನು. ಫೋನೆತ್ತಬೇಕಾದರೆ ಗಾಡಿ ನಿಲ್ಲಿಸಬೇಕು, ಗಾಡಿ ನಿಲ್ಲಿಸಲು ಜಾಗವಿದ್ದಿದ್ದರೆ ಫೋನೇ ಬರುತ್ತಿರಲಿಲ್ಲ. ಅವನು ಪೆಟ್ರೋಲ್ ಬಂಕಿಗೆ ನುಗ್ಗಿ ಗಾಳಿ ತುಂಬಿಸುವವನ ಮುಂದೆ ನಿಲ್ಲಿಸಿ ಫೋನೆತ್ತಿದ.

"ಅಣ್ಣಾ, ಎಲ್ಲಿದೀಯಾ? ಉಪ್ಪಿಟ್ಟು ಬಂತು," ಎಂದಳು ಪ್ರಮೀಳಾ ಪಿಸುದನಿಯಲ್ಲಿ.

"ಬಂದೆ ಕಣಮ್ಮ, ಇಲ್ಲೇ ಇದೀನಿ."

ಮರುಗಳಿಗೆಗೆ ಮತ್ತೆ ಫೋನು, ಮತ್ತೆ ಬಂಕು. "ಕೇಸರಿಬಾತು ಬಂತು." ಇನ್ನೊಮ್ಮೆ ಫೋನು, ಇನ್ನೊಮ್ಮೆ ಬಂಕು. "ಮಾವ ಎರಡನೇ ಸಲ ಹಾಕುಸ್ಕೊಂಡ್ರು." ಗಾಳಿ ತುಂಬಿಸುವ ಹುಡುಗ ಪೈಪು ಕೆಳಗಿಟ್ಟು ಕೈ ಮುಗಿದ. "ಸಾರ್, ಇನ್ನು ತುಂಬಿದ್ರೆ ಗಾಡಿ ಮೇಲಕ್ಕೆ ಹಾರ್ತದೆ."

ಹಳದಿ ಗೆರೆ ಕಂಡಲ್ಲಿ ಬ್ರೇಕು, ಬೋರ್ಡು ಕಂಡಲ್ಲಿ ಬ್ರೇಕು. ದುಡ್ಡು ಕೊಟ್ಟು ನಿಲ್ಲಿಸುವ ಜಾಗಕ್ಕೂ ಹೋದ. ಹಗ್ಗ ಕಟ್ಟಿ ಫುಲ್ ಎಂದು ತಗಡು ನೇತುಹಾಕಿದ್ದರು. ಅಂಗಡಿ ಮುಂದೆ ನಿಲ್ಲಿಸಿದರೆ ಅಂಗಡಿಯವರು, ಖಾಲಿ ಸೈಟಿನಲ್ಲಿ ನಿಲ್ಲಿಸಿದರೆ ಕ್ರಿಕೆಟ್ ಆಡುವವರು. ಕೊನೆಗೆ ಸರ್ಕಲ್ಲಿನಲ್ಲಿ ನಿಂತಿದ್ದ ಟ್ರಾಫಿಕ್ ಪೊಲೀಸರನ್ನೇ ಕೇಳಿಬಿಡೋಣವೆಂದು ಕಿಟಕಿ ಇಳಿಸಿದ.

"ಸಾರ್, ರೂಲ್ಸ್ ಪ್ರಕಾರ ಗಾಡಿ ಎಲ್ಲಿ ನಿಲ್ಲಿಸಬಹುದು ಸಾರ್?"

ಪೊಲೀಸಪ್ಪ ಕನ್ನಡಕ ತೆಗೆದು ಅವನನ್ನು ನೋಡಿದ. "ನಿಲ್ಸಿದ ಮೇಲೆ ಕೇಳೋರ್ನ ದಿನಾ ನೋಡ್ತೀನಿ. ನಿಲ್ಸೋಕೆ ಮುಂಚೆ ಕೇಳೋನ್ನ ಇವತ್ತೇ ನೋಡಿದ್ದು. ಮುಹೂರ್ತದ ಭಾನುವಾರ ಕಣಪ್ಪ, ಊರೆಲ್ಲ ಫುಲ್ಲು. ಗುಬ್ಬಿ ರೋಡಲ್ಲಿ ಮುಂದಕ್ಕೆ ಹೋಗ್ತಾ ಇರು, ಎಲ್ಲಾರ ಸಿಗ್ತದೆ." ಹೇಳಿದ ಮೇಲೆ ಪ್ರೀತಿಯಿಂದ ಬೆನ್ನು ತಟ್ಟುವವನಂತೆ ಕಾರಿನ ತಲೆ ತಟ್ಟಿದ.

ಲಕ್ಷ್ಮೀಕಾಂತ ಮುಂದಕ್ಕೆ ಹೋಗುತ್ತಾ ಇದ್ದ. ನಿಲ್ಲಿಸಬಹುದಾದ ಜಾಗವೆಲ್ಲ ಡಿವೈಡರಿನ ಆಚೆ ಕಡೆ ಇತ್ತು. ಈಚೆ ಕಡೆ ಒಂದೋ ಗೇಟು, ಇಲ್ಲವೇ ಬಸ್ ನಿಲ್ದಾಣ, ಇಲ್ಲವೇ ಬೋರ್ಡು. ಇನ್ನೊಂದು ಸ್ವಲ್ಪ ನೋಡೋಣ, ಇನ್ನೊಂದು ಸ್ವಲ್ಪ ನೋಡೋಣ ಎನ್ನುತ್ತ ಹೋದವನಿಗೆ ತೋಟಗಳು ಶುರುವಾದದ್ದು ಗೊತ್ತಾಗಲಿಲ್ಲ. ಬೋರೆಯಂಥ ಖಾಲಿ ಜಾಗ ಕಂಡಾಗ ನಿಲ್ಲಿಸಬಹುದಿತ್ತು. ಆದರೆ ಅಲ್ಲಿ ಇಳಿದರೆ ತುಮಕೂರಿಗೆ ವಾಪಸ್ ಹೋಗಲು ಬಸ್ಸು ನಿಲ್ಲುವುದಿಲ್ಲ. ಬಸ್ಸು ನಿಲ್ಲುವ ಕಡೆ ಕಾರು ನಿಲ್ಲಿಸುವಂತಿಲ್ಲ. ಈ ಲೆಕ್ಕ ಹಾಕಿ ಮುಗಿಸುವ ಹೊತ್ತಿಗೆ ಅವನು ಗುಬ್ಬಿಯಲ್ಲಿದ್ದ.

ಬಸ್ ಸ್ಟ್ಯಾಂಡಿನ ಹಿಂದೆ ಸೋಗೆ ಚಪ್ಪರ ಹಾಕಿಕೊಂಡು ಗಾಡಿ ಕಾಯುವ ರೇವಮ್ಮ ಎಂಬ ಮುದುಕಿ ಚೀಟಿ ಹರಿದು ಕೊಟ್ಟಳು.

"ಇಲ್ಲಿ ಫೈನ್ ಗೀನ್ ಬೀಳಲ್ಲ ತಾನೆ ಅಜ್ಜಿ?"

"ನನ್ ಸ್ವಂತ ಜಾಗ ಕಣ್ಲಾ ಮಗ, ಯಾವನ್ ಹಾಕ್ತಾನೆ? ಎಲ್ಲಿಗೆ ಹೊಂಟಿದೀಯ?"

"ಹೆಣ್ಣು ನೋಡಕ್ಕೆ."

"ಯಾರ ಮನೆ? ಗುಬ್ಬೀಲಿ ನಂಗೆ ಎಲ್ರೂ ಗೊತ್ತು."

"ಗುಬ್ಬೀಲಲ್ಲ ಅಜ್ಜಿ. ತುಮಕೂರಲ್ಲಿ."

ರೇವಮ್ಮ ಅವನನ್ನು ಮೇಲಿಂದ ಕೆಳಗಿನವರೆಗೆ ನೋಡಿ, ಹೆಚ್ಚು ಮಾತಾಡಿಸುವುದು ಒಳ್ಳೆಯದಲ್ಲವೆಂದು ಚಪ್ಪರದೊಳಕ್ಕೆ ಸರಿದಳು.

ಪ್ರೈವೇಟ್ ಬಸ್ಸಿನಲ್ಲಿ ಒಂದು ಕಾಲಿಡಲು ಜಾಗ ಸಿಕ್ಕಿತು. ನಿಂತವನಿಗೆ ಫೈನಿಲ್ಲ ಎಂಬುದೇ ದೊಡ್ಡ ಸಮಾಧಾನ. ಅಷ್ಟರಲ್ಲಿ ಪ್ರಮೀಳಾ ಫೋನು. ಈ ಸಲ ಅವಳ ದನಿ ಬೇರೆಯಾಗಿತ್ತು.

"ಅಣ್ಣಾ, ಇಲ್ಲಿ ಸರಿ ಹೋಗ್ತಿಲ್ಲ ಕಣೋ. ಹುಡುಗಿ ಕಾಫಿ ಕೊಟ್ಟು ಒಳಗೆ ಹೋದ್ಲು. ಗಂಗಾಧರಪ್ಪ ಮುಖ ಗಂಟು ಹಾಕ್ಕೊಂಡವ್ರೆ. ಬೀದಿ ಹೆಂಗಸ್ರೆಲ್ಲ ಬಂದ್ ಕೂತವ್ರೆ. ಅದ್ಯಾರೋ ತಿಪ್ಪಮ್ಮ ಅಂತೆ, 'ನಮ್ ಅಕ್ಕನ ಮಗಳ್ನ ನೋಡಕ್ ಬಂದಿದ್ದ ಹುಡುಗ್ನೂ ಪೆಟ್ರೋಲ್ ಹಾಕುಸ್ಕೊಂಡ್ ಬತ್ತೀನಿ ಅಂತ ಹೋದೋನು ಇವತ್ತಿಗೂ ಬಂದಿಲ್ಲ' ಅಂತವ್ಳೆ."

"ಮಾವ ಏನಂತಾರೆ?"

"ಮಾವ ತಿಂತಾವ್ರೆ. ಮಹಾದೇವಯ್ಯನೋರೇ ನಿನ್ ಪರ ವಾದ ಮಾಡ್ತಾ ಇರೋದು. 'ನಮ್ ಹುಡುಗ ಅಂಥೋನಲ್ಲ, ಎಳೇ ಮಗುವಿನಿಂದ ನೋಡಿದೀನಿ' ಅಂತಾವ್ರೆ."

"ಮತ್ತೆ… ಅವ್ಳು?"

"ಕಿಟಕಿ ಹತ್ರ ನಿಂತವ್ಳೆ." ಪ್ರಮೀಳಾ ದನಿಯನ್ನು ಇನ್ನೂ ತಗ್ಗಿಸಿದಳು. "ಅಣ್ಣಾ, ನಿಜ ಹೇಳು. ನೀನು ಓಡೋಗಿಲ್ಲ ತಾನೆ?"

ಲಕ್ಷ್ಮೀಕಾಂತನ ಕಣ್ಣು ತುಂಬಿಬಂತು. ಇಷ್ಟು ವರ್ಷ ಬೇರೆಯವರು ಬೇಡವೆಂದಾಗಲೂ ಅವನಿಗೆ ಹೀಗೆ ನೋವಾಗಿರಲಿಲ್ಲ. ಒಬ್ಬಳು ಕಿಟಕಿಯ ಬಳಿ ನಿಂತು ತನಗಾಗಿ ಬೀದಿ ನೋಡುತ್ತಿದ್ದಾಳೆ, ತಾನು ಕಂಡಕ್ಟರನ ಕಂಕುಳ ಕೆಳಗೆ ನಿಂತಿದ್ದೇನೆ. ಪಕ್ಕದಲ್ಲಿ ಕೋಳಿ ಹಿಡಿದುಕೊಂಡು ಕೂತಿದ್ದವನು "ಯಾಕಣ್ಣ, ಸಾವಾ?" ಎಂದು ಕೇಳಿದ. "ಇಲ್ಲಣ್ಣ, ಮದ್ವೆ," ಎಂದ ಲಕ್ಷ್ಮೀಕಾಂತ. ಅವನು ಅರ್ಥವಾದವನಂತೆ ತಲೆಯಾಡಿಸಿ ಸರಿದು ಜಾಗ ಕೊಟ್ಟ.

ತುಮಕೂರಿನಲ್ಲಿಳಿದು ಆಟೋ ಹಿಡಿದು, ಆಟೋ ಮದುವೆಯ ಜನರ ನಡುವೆ ಸಿಕ್ಕಿಕೊಂಡಾಗ ಇಳಿದು ಓಡಿ, ರಾಹುಕಾಲಕ್ಕೆ ಇನ್ನು ಹತ್ತು ನಿಮಿಷವಿದೆ ಎನ್ನುವಾಗ ಲಕ್ಷ್ಮೀಕಾಂತ ಗಂಗಾಧರ್ ಅವರ ಮನೆಯ ಹೊಸ್ತಿಲಲ್ಲಿ ನಿಂತ. ಇಸ್ತ್ರಿ ಹೋಗಿತ್ತು, ಪೌಡರು ಬೆವರಿಗೆ ಕೊಚ್ಚಿಹೋಗಿತ್ತು, ಶರ್ಟಿಗೆ ಒಂದು ಕೋಳಿಪುಕ್ಕ ಅಂಟಿತ್ತು. ಒಳಗೆ ತುಂಬಿದ್ದ ಜನ ಒಮ್ಮೆಲೇ ಅವನತ್ತ ತಿರುಗಿದರು. ತಿಪ್ಪಮ್ಮನ ಮುಖದಲ್ಲಿ ಮಾತ್ರ ಸ್ವಲ್ಪ ನಿರಾಸೆ ಕಂಡಿತು.

"ನಾನು ಹೇಳ್ಲಿಲ್ವಾ? ಇವ್ನೇ ನಮ್ ಹುಡುಗ!" ಎಂದರು ಮಹಾದೇವಯ್ಯ.

ಗಂಗಾಧರ್ ಏನೂ ಹೇಳುವ ಮೊದಲೇ ಬಾಗಿಲ ಮರೆಯಿಂದ ಒಂದು ದನಿ ಬಂತು. "ಅಪ್ಪಾ, ನಾನು ಅವರ ಹತ್ರ ಒಂದ್ನಿಮಿಷ ಮಾತಾಡ್ಬೇಕು."

ತಾರಸಿಯ ಮೇಲೆ ಒಣಗಿದ ಬಟ್ಟೆಗಳ ನಡುವೆ ಇಬ್ಬರೂ ನಿಂತರು. ಕಾವ್ಯ ಫೋಟೋದಲ್ಲಿ ಇದ್ದದ್ದಕ್ಕಿಂತ ಚೆನ್ನಾಗಿದ್ದಳು. ಅಲ್ಲಿದ್ದ ನಗು ಮಾತ್ರ ಇರಲಿಲ್ಲ.

"ಒಂದೇ ಪ್ರಶ್ನೆ ಕೇಳ್ತೀನಿ. ಕಾರು ಎಲ್ಲಿ ನಿಲ್ಸಿದ್ರಿ?"

ಪಕ್ಕದ ಬೀದಿ ಎಂದರೆ ಮುಗಿದುಹೋಗುತ್ತದೆ. ಆದರೆ ಎರಡು ತಾಸು ಪಕ್ಕದ ಬೀದಿಯಲ್ಲಿ ಏನು ಮಾಡುತ್ತಿದ್ದೆ ಎಂದು ಕೇಳಿದರೆ? ಅದೂ ಅಲ್ಲದೆ, ಆ ಕಣ್ಣುಗಳ ಮುಂದೆ ಸುಳ್ಳು ಹೇಳಲು ಅವನಿಗೆ ಮನಸ್ಸೇ ಬರಲಿಲ್ಲ.

"ಗುಬ್ಬೀಲಿ," ಎಂದ, ನೆಲ ನೋಡುತ್ತ.

"ಎಲ್ಲಿ?"

"ಗುಬ್ಬೀಲಿ. ಬಸ್ ಸ್ಟ್ಯಾಂಡ್ ಹಿಂದೆ. ಇಲ್ಲೆಲ್ಲೂ ಜಾಗ ಸಿಗ್ಲಿಲ್ಲ. ತಾರೀಖು, ಗೇಟು, ಕಲ್ಲು… ಬಸ್ಸಲ್ಲಿ ವಾಪಸ್ ಬಂದೆ."

ತಂತಿಯ ಮೇಲಿನ ಸೀರೆಯನ್ನು ಹಿಡಿದುಕೊಂಡು ಕಾವ್ಯ ನಗತೊಡಗಿದಳು. ನಗು ಹತೋಟಿಗೆ ಬರುವಷ್ಟರಲ್ಲಿ ಅವಳ ಕಣ್ಣಲ್ಲೂ ನೀರಿತ್ತು.

"ಹೋದ್ಸಲ ಬಂದಿದ್ದ ಹುಡುಗ ಶಿವರುದ್ರಮ್ಮನೋರ ಗೇಟಿಗೆ ಅಡ್ಡ ನಿಲ್ಸಿ, ಕೇಳಿದ್ದಕ್ಕೆ 'ನಾನ್ಯಾರು ಗೊತ್ತಾ' ಅಂತ ಜಗಳಕ್ಕೆ ನಿಂತ. ಅದಕ್ಕೂ ಮುಂಚೆ ಬಂದೋನು ತಿಪ್ಪಮ್ಮನ ಕಲ್ಲನ್ನ ಕಾಲಲ್ಲಿ ತಳ್ದ. ಬೀದಿ ಜನರ ಹತ್ರನೇ ಹಂಗಿರೋರು ಮನೆ ಜನರ ಹತ್ರ ಹೆಂಗಿರ್ತಾರೆ? ಇಬ್ರನ್ನೂ ಬೇಡ ಅಂದೆ." ಅವಳು ಕೈ ನೀಡಿ ಅವನ ಶರ್ಟಿನ ಕೋಳಿಪುಕ್ಕವನ್ನು ತೆಗೆದಳು. "ಯಾರಿಗೂ ತೊಂದ್ರೆ ಆಗ್ಬಾರ್ದು ಅಂತ ಗುಬ್ಬಿವರೆಗೂ ಹೋದೋರನ್ನ ನಾನು ಇವತ್ತೇ ನೋಡ್ತಿರೋದು. ನಂಗೆ ಒಪ್ಪಿಗೆ. ನಿಮಗೆ?"

ಲಕ್ಷ್ಮೀಕಾಂತ ತಲೆಯನ್ನು ಎಷ್ಟು ಜೋರಾಗಿ ಆಡಿಸಿದನೆಂದರೆ ಕಾವ್ಯ "ಸಾಕು, ಸಾಕು" ಎನ್ನಬೇಕಾಯಿತು.

ಕೆಳಗೆ ಸುದ್ದಿ ಇಳಿಯುತ್ತಲೇ ಮನೆಗೆ ಮನೆಯೇ ಅರಳಿತು. ದೊಡ್ಡರಂಗಯ್ಯನವರು ಕೈ ತೊಳೆದುಕೊಂಡು ಮಾತು ಕೊಟ್ಟರು. ಮೆಸೇಜಿಲ್ಲದ ಮೊಬೈಲನ್ನು ಎಲ್ಲರೆದುರು ಹಿಡಿದು, "ಒಂದ್ ಫೈನಿಲ್ಲ ನೋಡ್ರಿ! ನನ್ ಅಳಿಯ ಗುಬ್ಬಿಗ್ ಹೋಗಿ ನಿಲ್ಸವ್ನೆ!" ಎಂದರು. ಆಗ ಗಂಗಾಧರ್ ಎದ್ದು ನಿಂತರು.

"ಅಂದ್ರೆ… ನೀವು ನಿಜವಾಗ್ಲೂ ಕಾರಲ್ಲಿ ಬಂದ್ರಾ?"

"ಮತ್ತಿನ್ನೇನು?"

"ಅಯ್ಯೋ ಶಿವನೇ! ನಡ್ಕೊಂಡ್ ಬಂದ್ರಲ್ಲ, ಬಸ್ಸಲ್ಲಿ ಬಂದವ್ರೆ, ಹುಡುಗ ಕೈ ಕೊಟ್ಟಿದ್ದಕ್ಕೆ ಪಾರ್ಕಿಂಗು ಗೀರ್ಕಿಂಗು ಅಂತ ನೆಪ ಹೇಳ್ತಾವ್ರೆ ಅಂದ್ಕೊಂಡೆ. ಮಹಾದೇವಯ್ಯನೋರು ಎಳೇ ಮಗುವಿನಿಂದ ನೋಡಿದೀನಿ ಅಂದಾಗ್ಲೇ ಅವ್ರ ಮಾತೂ ನಂಬ್ಲಿಲ್ಲ. ಮುಖ ಮುರಿಬಾರ್ದು ಅಂತ ಬಾಯಿ ಬಿಡ್ಲಿಲ್ಲ. ನಿಮ್ ಕಾರಿಗೆ ಅಂತ ಬೆಳಗ್ಗೆನೇ ನಮ್ ಕಾರನ್ನ ಆಚೆ ತೆಗ್ದು ಪೋರ್ಟಿಕೋ ಖಾಲಿ ಮಾಡಿಟ್ಟಿದ್ದೆ!"

ಎಲ್ಲರೂ ಬಾಗಿಲಿಗೆ ಬಂದು ನೋಡಿದರು. ಬರುವಾಗಿನ ಗಡಿಬಿಡಿಯಲ್ಲಿ ಯಾರೂ ಅದರತ್ತ ಗಮನ ಕೊಟ್ಟಿರಲಿಲ್ಲ. ಗುಡಿಸಿ, ನೀರು ಚಿಮುಕಿಸಿದ ಪೋರ್ಟಿಕೋ ಅಗಲವಾಗಿ ಖಾಲಿ ಬಿದ್ದಿತ್ತು. ಬೇಕಾದರೆ ಅಲ್ಲಿ ಒಂದಲ್ಲ, ಎರಡು ಕಾರು ನಿಲ್ಲಿಸಬಹುದಿತ್ತು. ಲಕ್ಷ್ಮೀಕಾಂತ ಅದನ್ನು ನೋಡಿದ ಹಾಗೆ ಯಾರೂ ಒಂದು ಸಿಮೆಂಟಿನ ನೆಲವನ್ನು ನೋಡಿರಲಿಕ್ಕಿಲ್ಲ.

"ಅದಿರ್ಲಿ ಗಂಗಾಧರ," ಎಂದರು ಮಹಾದೇವಯ್ಯ, ಏನೋ ಹೊಳೆದು. "ನಿನ್ ಕಾರನ್ನ ಎಲ್ಲಿ ಬಿಟ್ಟೆ?"

"ಮೇನ್ ರೋಡಲ್ಲಿ, ಬೇಕರಿ ಪಕ್ಕ."

"ಬೆಳಗ್ಗೆಯಿಂದನಾ? ಅಲ್ಲಿ ನೋ ಪಾರ್ಕಿಂಗು ಕಣಯ್ಯಾ!"

ಗಂಗಾಧರ್ ಅವರ ಹೆಂಡತಿ ರಂಗಮ್ಮ ರೂಮಿನಲ್ಲಿ ಚಾರ್ಜಿಗೆ ಹಾಕಿದ್ದ ಮೊಬೈಲು ತಂದುಕೊಟ್ಟರು. ಗಂಗಾಧರ್ ಮೆಸೇಜು ನೋಡಿದರು. ಓದಿ ಹೇಳಬೇಕಾದ ಅಗತ್ಯ ಬೀಳಲಿಲ್ಲ. ಆ ಮುಖದ ಬಣ್ಣ ದೊಡ್ಡರಂಗಯ್ಯನವರಿಗೆ ಚೆನ್ನಾಗಿ ಪರಿಚಯವಿತ್ತು. ಕಾರನ್ನು ಎತ್ತಿಕೊಂಡು ಹೋಗಿ ಬಹಳ ಹೊತ್ತಾಗಿತ್ತು.

"ನಮ್ಗೋಸ್ಕರ ತಾನೇ ಆಚೆ ತೆಗ್ದಿದ್ದು? ಹಂಗಾದ್ರೆ ಈ ಫೈನು ನಮ್ದು," ಎಂದರು ದೊಡ್ಡರಂಗಯ್ಯ, ಹೊಸ ಬೀಗರ ಮುಂದೆ ಮೀಸೆ ತಿರುವಿ. "ಏಳ್ಲಾ ಲಕ್ಷ್ಮೀಕಾಂತ, ಕಟ್ಬುಟ್ ಬಾ."

"ಬ್ಯಾಡಿ, ಬ್ಯಾಡಿ, ಅಳಿಯಂದಿರ ಕೈಲಿ ಕಟ್ಸೋದಾ," ಎಂದು ಗಂಗಾಧರ್ ಅಡ್ಡ ಬಂದರು.

"ಕಟ್ಟಲೇಬೇಕು. ಗಂಡಿನ ಕಡೆಯವರ ಮರ್ಯಾದೆ ಪ್ರಶ್ನೆ ಇದು," ಎಂದು ಮೇಜು ಕುಟ್ಟಿದವರು ಮಹಾದೇವಯ್ಯ.

"ರಾಹುಕಾಲ ಬಂತಲ್ಲ ಅಣ್ಣಾ," ಎಂದರು ಚಿಕ್ಕಗಂಗಮ್ಮ.

"ರಾಹುಕಾಲದಲ್ಲಿ ಒಳ್ಳೆ ಕೆಲ್ಸ ಮಾಡ್ಬಾರ್ದು ಕಣವ್ವ. ಫೈನ್ ಕಟ್ಬೋದು," ಎಂದರು ದೊಡ್ಡರಂಗಯ್ಯ.

ಹೀಗೆ, ಫೈನಿಗೆ ಹೆದರಿ ಗುಬ್ಬಿವರೆಗೆ ಓಡಿದ್ದ ಲಕ್ಷ್ಮೀಕಾಂತ ಅದೇ ಸಂಜೆ ತುಮಕೂರಿನ ಟ್ರಾಫಿಕ್ ಸ್ಟೇಷನ್ನಿನಲ್ಲಿ ಸಾಲಿನಲ್ಲಿ ನಿಂತ, ತನ್ನದಲ್ಲದ ಕಾರಿಗೆ, ತಾನು ಮಾಡದ ತಪ್ಪಿಗೆ. ಅರ್ಧ ಬೀದಿ ಜೊತೆಗೆ ಬಂದಿತ್ತು. ಕಾವ್ಯಳೂ ಬಂದಿದ್ದಳು.

"ಗಾಡಿ ಯಾರದು?" ಎಂದು ಕೇಳಿದರು ಮೇಜಿನ ಹಿಂದಿದ್ದ ಸಾಹೇಬರು.

ಲಕ್ಷ್ಮೀಕಾಂತ ಒಮ್ಮೆ ಗಂಗಾಧರ್ ಅವರನ್ನು ನೋಡಿದ, ಒಮ್ಮೆ ಕಾವ್ಯಳನ್ನು ನೋಡಿದ. "ನಮ್ ಹೆಂಡ್ತಿ ತಂದೆಯವರ್ದು ಸಾರ್," ಎಂದುಬಿಟ್ಟ. ಎಂದ ಮೇಲೆ ಕಿವಿಯವರೆಗೂ ಕೆಂಪಾದ.

"ಮದ್ವೆ ಆಗಿ ಎಷ್ಟು ದಿನ ಆಯ್ತು?"

"ಇನ್ನೂ ಆಗಿಲ್ಲ ಸಾರ್."

ಸಾಹೇಬರು ಪೆನ್ನು ಕೆಳಗಿಟ್ಟು ಅವನ ಮುಖ ನೋಡಿದರು. ಮದುವೆಗೆ ಮೊದಲೇ ಮಾವನ ಮನೆಯ ಫೈನು ಕಟ್ಟುತ್ತಿರುವವನಿಗೆ ಬೇಗ ಬೇಗ ರಸೀದಿ ಬರೆದುಕೊಟ್ಟರು. ಲಕ್ಷ್ಮೀಕಾಂತ ಜೇಬು ಬರಿದು ಮಾಡಿ ದುಡ್ಡು ಎಣಿಸಿಕೊಟ್ಟ. ಪಕ್ಕದಲ್ಲಿ ಕಾವ್ಯ ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದಳು. ಅದು ಫೋಟೋದಲ್ಲಿದ್ದ ನಗುವೇ.